ಅವನ ಎಡಗಾಲಾಗಿದ್ದ ನನ್ನ ಬಲಗಾಲು

ಕಾರು ಓಡಿಸಲು ಎರಡು ಕಾಲು ಬೇಕು. ನನ್ನ ಮೈದುನ ಹದಿನೈದು ವರ್ಷ ಕಾರು ಓಡಿಸಿದ. ಅದರಲ್ಲಿ ಒಂದು ಕಾಲು ನನ್ನದು!

ನಗಬೇಡಿ. ಕಥೆ ಕಟ್ಟುವಷ್ಟು ಓದು ನನಗಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದವಳು. ನಡೆದದ್ದನ್ನೇ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಕಾಲಿನ ಲೆಕ್ಕ ಮಾತ್ರ ಸರಿಯಾಗಿದೆ.

ಅವನು ನನ್ನ ಗಂಡನ ತಮ್ಮ. ಮೂರನೇ ವಯಸ್ಸಿಗೆ ಜ್ವರ ಬಂದು ಎಡಗಾಲು ಬತ್ತಿಹೋಯಿತು. ಬತ್ತಿದ ಕಾಲಿನ ಬಲವೆಲ್ಲ ಬಾಯಿಗೆ ಏರಿತು ಅಂತ ನಮ್ಮತ್ತೆ ಹೇಳುತ್ತಿದ್ದರು. ನಾವಿರುವುದು ಬೈರಕೂರಿನ ಹತ್ತಿರದ ಹಳ್ಳಿ. ಅವನ ತಗಡಿನ ಶೆಡ್ಡು ಮುಳಬಾಗಿಲಿನಲ್ಲಿ. ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವುದರಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕಕ್ಕೂ ಅವನೇ ದೊರೆ. ಮದುವೆಯಾಗಲಿಲ್ಲ. ಯಾಕೋ ಅಂದರೆ, "ಬಂದೋಳು ಕ್ಲಚ್ ಒತ್ತೋದು ಕಲಿಯೋ ಹೊತ್ಗೆ ಮುದುಕಿ ಆಗಿರ್ತಾಳೆ ಅತ್ತಿಗೆ" ಅನ್ನುತ್ತಿದ್ದ.

ಅವನ ವಿಚಿತ್ರಗಳಿಗೆ ಲೆಕ್ಕವಿಲ್ಲ. ಗಾಡಿಗಳ ಜೊತೆ ತೆಲುಗಿನಲ್ಲೇ ಮಾತು. "ಆಂಧ್ರದ ಕಡೆಯಿಂದ ಬರೋ ಲಾರಿಗಳು, ಕನ್ನಡ ಅರ್ಥ ಆಗಲ್ಲ" ಅಂತ ಕಾರಣ ಕೊಡುತ್ತಿದ್ದ. ಮಾಲೂರಿನ ಟ್ರ್ಯಾಕ್ಟರಿಗೂ ಯಾಕೆ ತೆಲುಗು ಅಂತ ಕೇಳಿದರೆ ಸ್ಪ್ಯಾನರ್ ಹುಡುಕಲು ಹೊರಡುತ್ತಿದ್ದ! ಇನ್ನು ಗೇರ್‌ಬಾಕ್ಸಿನ ರೋಗ ತಿಳಿಯಲು ಅವನು ಬಳಸುತ್ತಿದ್ದದ್ದು ನನ್ನ ಮುದ್ದೆ ಕೋಲು. ಹಿಟ್ಟು ತಿರುವುವ ಕೋಲಿನ ಒಂದು ತುದಿ ಗೇರ್‌ಬಾಕ್ಸಿಗೆ, ಇನ್ನೊಂದು ತುದಿ ಕಿವಿಗೆ. ಕಣ್ಣು ಮುಚ್ಚಿ ಕೇಳಿ, "ಮೂರನೇ ಗೇರಿನ ಹಲ್ಲು ಹೋಗಿದೆ" ಅನ್ನುತ್ತಿದ್ದ. ಬಿಚ್ಚಿದರೆ ಹಾಗೆಯೇ ಇರುತ್ತಿತ್ತು. ಕೋಲು ಒರೆಸಿ ವಾಪಸ್ ತಂದಿಡುತ್ತಿದ್ದ. ಮುದ್ದೆ ಮಾತ್ರ ಮೂರು ದಿನ ಡೀಸೆಲ್ ವಾಸನೆ ಹೊಡೆಯುತ್ತಿತ್ತು.

ತೊಂಬತ್ತರ ಸುಮಾರಿನಲ್ಲಿ ಅವನಿಗೆ ಒಂದು ಹಳೇ ಟ್ಯಾಕ್ಸಿ ಕಾರು ಸಿಕ್ಕಿತು. ದುಂಡನೆಯದು, ಎಮ್ಮೆಯಂಥದ್ದು. ಮುಂದುಗಡೆ ಸೋಫಾದ ಹಾಗೆ ಒಂದೇ ಸೀಟು, ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ. ಅದನ್ನು ನೋಡಿದ ಕೂಡಲೇ ಅವನ ತಲೆ ಓಡಿತು. ಡ್ರೈವರಿನ ಎಡಕ್ಕೆ ಒಬ್ಬರು ಅಂಟಿಕೊಂಡು ಕೂತು ಬಲಗಾಲು ಚಾಚಿದರೆ ಕ್ಲಚ್ಚು ಸಿಗುತ್ತದಲ್ಲ! ಮೊದಲು ನನ್ನ ಗಂಡನನ್ನು ಕೂರಿಸಿದ. ಅವರು ಹಿಪ್ಪುನೇರಳೆ ತೋಟದ ಮನುಷ್ಯ, ಗಾಡಿ ಹತ್ತಿದರೆ ವಾಂತಿ. ಶೆಡ್ಡಿನ ಗೆಳೆಯರನ್ನು ಕೂರಿಸಿದ. ಇವನು "ಒತ್ತು" ಅಂದರೆ ಅವರು "ಯಾಕ್ಲಾ, ಈಗ್ಲೇ ಯಾಕೆ?" ಅಂತ ವಾದಕ್ಕಿಳಿದರು. ಕೊನೆಗೆ ನಾನು ಹತ್ತಿದೆ. ನಾನು ಅವನ ಮಾತು ಕೇಳಿ ಒತ್ತುತ್ತಿರಲಿಲ್ಲ, ಇಂಜಿನ್ನಿನ ದನಿ ಕೇಳಿ ಒತ್ತುತ್ತಿದ್ದೆ. ದನ ಕಾಯ್ದವಳಿಗೆ ಅಷ್ಟೂ ತಿಳಿಯುವುದಿಲ್ಲವೇ?

ಹೀಗೆ ನಾವಿಬ್ಬರೂ ಸೇರಿ ಒಬ್ಬ ಡ್ರೈವರ್ ಆದೆವು. ಎಲ್ಲಾದರೂ ಗಾಡಿ ಕೆಟ್ಟಿದೆ ಅಂತ ಅವನಿಗೆ ಕರೆ ಬಂದರೆ ನಾನು ಒಲೆ ಆರಿಸಿ ಹೊರಡಬೇಕು. ಮಾಲೂರಿನ ರೈಲ್ವೇ ಗೇಟಿನಲ್ಲಿ ಒಂದು ಸಲ ಜಗಳವಾಯಿತು. ನನ್ನ ಸೊಪ್ಪಿನ ಸಾರು ಗೇರ್ ಆಯಿಲಿನ ಹಾಗಿದೆ ಅಂದುಬಿಟ್ಟ. ರೈಲು ಹೋಯಿತು, ಗೇಟು ತೆಗೆಯಿತು, ನಾನು ಕಾಲು ಮಡಿಚಿ ಸೀಟಿನ ಮೇಲೆ ಇಟ್ಟುಕೊಂಡೆ.

"ಅತ್ತಿಗೇ, ಒತ್ತು."

"ಸಾರು ಹೆಂಗಿತ್ತು?"

"ಹಿಂದೆ ಬಸ್ಸು ಹಾರ್ನ್ ಹೊಡೀತಾ ಅವೆ, ಒತ್ತು ಅಂದ್ರೆ!"

"ಸಾರು ಹೆಂಗಿತ್ತು ಹೇಳೋ ಮೊದ್ಲು."

"ಚೆನ್ನಾಗಿತ್ತು! ಅಮೃತ ಇದ್ದಂಗಿತ್ತು ತಾಯೀ, ತಪ್ಪಾಯ್ತು, ಒತ್ತು!"

ಅವನು ಕಿರುಚಿದ ಜೋರಿಗೆ ಹಿಂದಿದ್ದ ಎರಡು ಬಸ್ಸಿನವರಿಗೂ ನಮ್ಮ ಮನೆಯ ಸಾರಿನ ಸುದ್ದಿ ಗೊತ್ತಾಯಿತು.

ಕೋಲಾರದಲ್ಲಿ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಾಕಿದ. ಒಳಗೆ ಬಗ್ಗಿ ನೋಡಿದ. ಸ್ಟೇರಿಂಗು ಒಬ್ಬರ ಕೈಯಲ್ಲಿ, ಕ್ಲಚ್ಚು ಇನ್ನೊಬ್ಬರ ಕಾಲಿನಡಿ. "ಇದರಲ್ಲಿ ಡ್ರೈವರ್ ಯಾರು?" ಅಂದ. "ಮುಕ್ಕಾಲು ನಾನು ಸಾರ್, ಕಾಲು ನಮ್ಮತ್ತಿಗೆ" ಅಂದ ಇವನು. ಪೊಲೀಸಪ್ಪನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. "ಇನ್ಮೇಲೆ ಈ ಸರ್ಕಸ್ಸು ಕಂಡ್ರೆ ಗಾಡಿ ಸ್ಟೇಷನ್ನಿಗೇ. ಹೋಗಿ ಲೈಸೆನ್ಸ್ ಮಾಡಿಸ್ಕೋ" ಅಂತ ಬಿಟ್ಟ.

ನನ್ನ ಮೈದುನ ನಿಜವಾಗಿಯೂ ಹೋದ! ಲೈಸೆನ್ಸ್ ಆಫೀಸಿನ ಸಾಹೇಬರ ಮುಂದೆ ನಿಂತು, "ಇಬ್ಬರಿಗೂ ಸೇರಿಸಿ ಒಂದು ಕೊಡಿ ಸಾರ್, ಫೋಟೋ ಬೇಕಾದ್ರೆ ಒಟ್ಟಿಗೇ ತೆಗೆಸ್ತೀವಿ" ಅಂತ ಕೇಳಿದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ಕ್ಲಚ್ಚೇ ಇಲ್ಲದ ಗಾಡಿ ಬರ್ತವೆ ಕಣಯ್ಯಾ. ಗೇರು ಅದೇ ಬದಲಾಯಿಸಿಕೊಳ್ತದೆ. ಅಂಥದ್ದು ತಗೊಂಡು ಬಾ. ನನ್ನ ಮುಂದೆ ನೀನೊಬ್ಬನೇ ಓಡಿಸಿ ತೋರಿಸು. ಆವಾಗ ಸಹಿ ಹಾಕ್ತೀನಿ."

ಮುಳಬಾಗಿಲಿಗೆ ವಾಪಸ್ ಬಂದವನು ಶೆಡ್ಡಿನ ಮುಂದೆ ಇಳಿದು ಒಂದೇ ಮಾತು ಅಂದ. "ಒಬ್ಬನೇ ಅತ್ತಿಗೇ. ಒಬ್ಬನೇ ಓಡಿಸ್ಬೇಕು." ಸಾವಿರ ಗಾಡಿ ರಿಪೇರಿ ಮಾಡಿ ಬೇರೆಯವರ ಕೈಗೆ ಕೊಟ್ಟವನು. ಒಂದನ್ನೂ ಒಬ್ಬನೇ ರಸ್ತೆಗೆ ಇಳಿಸಿರಲಿಲ್ಲ.

ಅಂಥ ಗಾಡಿ ಹುಡುಕುವುದರಲ್ಲೇ ಎಷ್ಟೋ ವರ್ಷ ಕಳೆಯಿತು. ಎರಡು ಸಾವಿರ ಇಸವಿ ದಾಟಿ ಐದಾರು ವರ್ಷವಾಗಿರಬೇಕು, ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಸಿಕ್ಕಿತು. ಮಂಡಿ ಸಾಹುಕಾರ ದೊಡ್ಡಸ್ತಿಕೆಗೆಂದು ತರಿಸಿದ್ದ ಜಪಾನಿನ ಕಾರು. ಗೇರ್‌ಬಾಕ್ಸು ಕೆಟ್ಟು, ಯಾರಿಗೂ ರಿಪೇರಿ ಬಾರದೆ, ಕ್ರೇಟುಗಳ ನಡುವೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಏಮಯ್ಯಾ, ಇದು ಗಾಡಿ ಅಲ್ಲ, ಮನೆ ಅಳಿಯ. ಕದಲೋದೇ ಇಲ್ಲ" ಅಂದ ಸಾಹುಕಾರ. ಅವನ ಎರಡು ಲಾರಿಗಳ ಗೇರ್‌ಬಾಕ್ಸು ಇವನು ಸರಿ ಮಾಡಿಕೊಡಬೇಕು, ಬದಲಿಗೆ ಅಳಿಯನನ್ನು ಎಳೆದುಕೊಂಡು ಹೋಗಬಹುದು, ಅಂತ ಮಾತಾಯಿತು. ಕೋಳಿಯನ್ನು ಇಳಿಸಿ, ಟ್ರ್ಯಾಕ್ಟರಿಗೆ ಕಟ್ಟಿ ಮುಳಬಾಗಿಲಿಗೆ ತಂದೆವು.

ಎರಡು ತಿಂಗಳು ಅವನು ಶೆಡ್ಡು ಬಿಟ್ಟು ಕದಲಲಿಲ್ಲ. ಅಂಥ ಗೇರ್‌ಬಾಕ್ಸನ್ನು ಅವನು ಹುಟ್ಟಿದಾಗಿನಿಂದ ಬಿಚ್ಚಿರಲಿಲ್ಲ. ಒಗೆದ ನನ್ನ ಸೀರೆ ಹಾಸಿ ಒಂದೊಂದೇ ಚೂರನ್ನು ಬಿಚ್ಚಿದ ಕ್ರಮದಲ್ಲೇ ಇಟ್ಟ. ಒಳಗೆ ಉಂಗುರದಂಥ ತಟ್ಟೆಗಳು, ಸವೆದು ಕನ್ನಡಿಯಾಗಿದ್ದವು. ಬೆಂಗಳೂರಿನಿಂದ ಹೊಸ ತಟ್ಟೆ ತರಿಸಿ ಹಾಕಿದ. ಸವೆದದ್ದೊಂದನ್ನು ಜೇಬಿನಲ್ಲಿಟ್ಟುಕೊಂಡು ಸಿಕ್ಕವರಿಗೆಲ್ಲ ತೋರಿಸುತ್ತಾ ತಿರುಗಿದ. ಸೀರೆ ಹೋಯಿತು, ಗೇರ್‌ಬಾಕ್ಸು ಬಂತು.

ಗಾಡಿ ಹೊರಟಿತು. ಆದರೆ ಹೇಗೆ? ಹೊರಡುವಾಗ ಮುಲುಗುತ್ತದೆ, ಆಮೇಲೆ ಅರಚುತ್ತದೆ, ಗೇರು ಬದಲಾಗುವುದೇ ಇಲ್ಲ! ಒಂದೇ ಗೇರಿನಲ್ಲಿ ಹಟ ಹಿಡಿದು ಕೂತಿತು. ಇವನು ಮುದ್ದೆ ಕೋಲು ಹಿಡಿದು ಮೂರು ದಿನ ಕೇಳಿದ. "ಬಾಕ್ಸು ಸರಿಯಾಗಿದೆ ಅತ್ತಿಗೆ. ಇದಕ್ಕೆ ಯಾರೋ ಹೇಳ್ಬೇಕಾದೋರು ಹೇಳ್ತಾ ಇಲ್ಲ" ಅಂದ.

ಕೊನೆಗೆ ಇಷ್ಟವಿಲ್ಲದ ಮನಸ್ಸಿನಿಂದ ಬೆಂಗಳೂರಿನ ಒಬ್ಬ ಲ್ಯಾಪ್‌ಟಾಪಿನವನನ್ನು ಕರೆಸಿದ. ನಲವತ್ತರ ಮನುಷ್ಯ, ಲ್ಯಾಪ್‌ಟಾಪ್ ಚುಚ್ಚಿ ಗಾಡಿಗಳ ರೋಗ ನೋಡುತ್ತಾ ಊರೂರಿನ ಗ್ಯಾರೇಜು ತಿರುಗುವುದು ಅವನ ಕಸುಬು. ಬೆಳಿಗ್ಗೆ ಬಸ್ಸಿಳಿದು ಬಂದು, "ಸಂಜೆ ಬಸ್ಸಿಗೆ ಹೋಗ್ಬೇಕು, ನಾಳೆಯಿಂದ ಒಂದು ತಿಂಗಳು ಕೇರಳದಲ್ಲಿ ಕೆಲಸ ಆಂಟಿ" ಅಂದ. ಆಂಟಿ ಅಂತೆ! ನಾನು ಅವನಿಗೆ ಟೀ ಕೊಡುವುದನ್ನು ಹತ್ತು ನಿಮಿಷ ತಡ ಮಾಡಿದೆ.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದವನು ಅಲ್ಲಿಂದಲೇ ಕೇಳಿದ. "ಅಣ್ಣಾ, ಮಿದುಳೆಲ್ಲಿ?"

"ಯಾರ್ದು?" ಅಂದ ನನ್ನ ಮೈದುನ, ಸಿಟ್ಟಿನಿಂದ.

"ಗೇರ್‌ಬಾಕ್ಸಿಂದು! ಒಂದು ಚಿಕ್ಕ ಪೆಟ್ಟಿಗೆ ಇರ್ತದೆ. ಯಾವಾಗ ಯಾವ ಗೇರು ಅಂತ ಅದೇ ಹೇಳೋದು. ಇಲ್ಲಿ ಅದರ ವೈರು ಖಾಲಿ ನೇತಾಡ್ತಾ ಇದೆಯಲ್ಲ!"

"ಅದು ಹಾಡು ಕೇಳೋ ವೈರು ಅಂದ್ಕೊಂಡಿದ್ದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ತಟ್ಟನೆ ಹೊಳೆಯಿತು. ನಮ್ಮ ಕಡೆ ಹಸು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಟ್ಟರೆ ಹಟ್ಟಿಯ ಲಕ್ಷ್ಮಿಯೂ ಹಸುವಿನ ಹಿಂದೆ ಹೋಗುತ್ತಾಳೆ ಅಂತ. ಕೊಂಡವನೇ ಹೊಸ ಹಗ್ಗ ತರಬೇಕು. ಕಾರಿಗೆ ಹಗ್ಗ ಎಲ್ಲಿಂದ ಬರಬೇಕು? "ನಡಿಯೋ ಶ್ರೀನಿವಾಸಪುರಕ್ಕೆ. ಸಾಹುಕಾರ ಹಗ್ಗ ಇಟ್ಕೊಂಡವ್ನೆ" ಅಂದೆ.

ಲ್ಯಾಪ್‌ಟಾಪಿನವನನ್ನು ಶೆಡ್ಡಿನಲ್ಲೇ ಕೂರಿಸಿ, ಎಮ್ಮೆ ಕಾರು ಹತ್ತಿದೆವು. ಒತ್ತು, ಬಿಡು, ಒತ್ತು, ಬಿಡು. ಅಷ್ಟು ಜೋರಾಗಿ ನಾವು ಯಾವತ್ತೂ ಹೋಗಿರಲಿಲ್ಲ.

ನಾನು ಹೇಳಿದ್ದೇ ಸರಿಯಾಗಿತ್ತು! ಸಾಹುಕಾರನ ದೇವರ ಮನೆಯಲ್ಲಿ, ಲಕ್ಷ್ಮಿ ಪಟದ ಮುಂದೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಸೇವಂತಿಗೆ ಇಟ್ಟುಕೊಂಡು ಜಪಾನಿನ ಮಿದುಳು ಕೂತಿತ್ತು.

"ಗಾಡಿ ಮನೆ ಬಿಟ್ಟು ಹೋಗುವಾಗ ಗುರುತಿಗೆ ಏನಾದ್ರೂ ಉಳಿಸ್ಕೋಬೇಕಲ್ಲಮ್ಮಾ" ಅಂದ ಸಾಹುಕಾರ. "ಅದಕ್ಕೆ ಇರೋದ್ರಲ್ಲಿ ಕೆಲಸಕ್ಕೆ ಬಾರದ್ದು ಯಾವುದು ಅಂತ ನೋಡಿ, ಇದನ್ನ ಬಿಚ್ಚಿಸಿದೆ."

"ಸಾಹುಕಾರ್ರೇ, ನೀವು ಹಗ್ಗ ಅಂತ ಹಸುವಿನ ತಲೆನೇ ಇಟ್ಕೊಂಡಿದೀರ!" ಅಂದೆ.

ಅವನಿಗೂ ಅಯ್ಯೋ ಅನ್ನಿಸಿತು. ಆದರೆ ಕೈ ಅಲ್ಲಾಡಿಸಿದ. "ಇವತ್ತು ಶುಕ್ರವಾರ ತಲ್ಲೀ. ದೇವರ ಮನೆಯಿಂದ ವಸ್ತು ಆಚೆ ಹೋಗಬಾರದು. ನಾಳೆ ಬನ್ನಿ, ನಾನೇ ಕೊಡ್ತೀನಿ."

ನಾಳೆ ಅಂದರೆ ಲ್ಯಾಪ್‌ಟಾಪಿನವನು ಕೇರಳದಲ್ಲಿ! ನನ್ನ ಮೈದುನನ ಮುಖ ಸುಣ್ಣ ಬಳಿದಂತಾಯಿತು. ನಾನು ಅವನ ಜೇಬಿಗೆ ಕೈ ಹಾಕಿ, ಸವೆದು ಹೊಳೆಯುತ್ತಿದ್ದ ಆ ತಟ್ಟೆ ತೆಗೆದೆ. "ಕೊಡಬೇಡಿ, ಬದಲಾಯಿಸ್ಕೊಳ್ಳಿ. ಇದು ನಿಮ್ಮ ಗಾಡಿಯ ಹೊಟ್ಟೆಯೊಳಗಿಂದ ಬಂದದ್ದು. ಅದಕ್ಕಿಂತ ಹಗ್ಗ ಬೇಕಾ?"

ಸಾಹುಕಾರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಲಕ್ಷ್ಮಿ ಪಟದ ಹಿಂದೆ ನಿಲ್ಲಿಸಿದ. ಪ್ರಭಾವಳಿ ಇಟ್ಟಂತೆ ಫಳಫಳ ಹೊಳೆಯಿತು! ಅವನ ಹೆಂಡತಿ ಅಲ್ಲೇ ಕೈಮುಗಿದಳು. ಮಿದುಳು ನಮ್ಮ ಕೈಗೆ ಬಂತು, ಸೇವಂತಿಗೆ ಸಮೇತ.

ಶೆಡ್ಡಿಗೆ ಬಂದು ಬ್ರಷ್ಷಿನಿಂದ ಕುಂಕುಮ ಉದುರಿಸಿ ಪೆಟ್ಟಿಗೆ ಕೂರಿಸಿದರು. "ಇನ್ನೂ ಹತ್ತಬೇಡ ಅಣ್ಣಾ, ಪ್ರೋಗ್ರಾಮ್ ಹಾಕ್ಬೇಕು" ಅಂದ ಲ್ಯಾಪ್‌ಟಾಪಿನವನು. ಇವನು ಕೇಳುವವನೇ? "ಬಾಕ್ಸು ನಾನು ಕಟ್ಟಿದ್ದು. ಟಿವಿ ನೋಡಿ ಗಾಡಿ ಸರಿಹೋಗ್ತದಾ?" ಅಂತ ಹತ್ತಿ, ಗೇರು ಹಾಕಿದ. ಗಾಡಿ ಕತ್ತೆ ಒದ್ದಂತೆ ಒಂದು ಏಟು ಕೊಟ್ಟಿತು. ಎರಡನೇ ಗೇರಿಗೆ ಇನ್ನೊಂದು ಏಟು. ಹಳೇ ಟೈರುಗಳ ಗುಡ್ಡೆಗೆ ಹೋಗಿ ಮುತ್ತಿಟ್ಟು ನಿಂತಿತು. ಇವನು ಹಣೆ ಉಜ್ಜಿಕೊಳ್ಳುತ್ತಾ ಇಳಿದ.

ಆಗ ಲ್ಯಾಪ್‌ಟಾಪಿನವನು ಬಿಡಿಸಿ ಹೇಳಿದ. ತಟ್ಟೆ ಸವೆದಷ್ಟೂ ಈ ಮಿದುಳು ಜೋರಾಗಿ ಒತ್ತುವುದನ್ನು ಕಲಿತುಕೊಂಡಿರುತ್ತದೆ. ಈಗ ತಟ್ಟೆ ಹೊಸದು, ನೆನಪು ಹಳೆಯದು. ಅದಕ್ಕೇ ಒದೆಯುತ್ತದೆ. ಹಳೆಯದನ್ನು ಅಳಿಸಿ, ಹೊಸದಾಗಿ ಬರೆದು, ಆಮೇಲೆ ರಸ್ತೆಯಲ್ಲಿ ನಡೆಸಿ ಕಲಿಸಬೇಕು.

"ಹಂಗೇಳು ಮತ್ತೆ!" ಅಂದೆ ನಾನು. ಇದು ಗೊತ್ತಿಲ್ಲದ್ದೇ? ಮಾಸ್ತಿಯ ಕಡೆಯಿಂದ ನಾವು ತಂದಿದ್ದ ಹಸು ತಿಂಗಳುಗಟ್ಟಲೆ ಹಳೇ ಒಡತಿಯ ಕೈಯನ್ನೇ ನೆನೆದು ನನ್ನನ್ನು ಒದೆಯುತ್ತಿತ್ತು. ಲ್ಯಾಪ್‌ಟಾಪಿನವನು ಇಷ್ಟು ಚೆನ್ನಾಗಿ ಹೇಳಿದ ಮೇಲೆ ಅವನಿಗೆ ಎರಡನೇ ಟೀ ಬೇಗ ಕೊಟ್ಟೆ.

"ಒಂದೇ ಭಯ. ಬರೀತಾ ಇರುವಾಗ ನಡುವೆ ಕರೆಂಟು ನಿಂತರೆ ಮಿದುಳು ಸತ್ತಂಗೆ. ಆಮೇಲೆ ಅದು ಬರೀ ಡಬ್ಬ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಬೇರೆ ಹೋಗಿದೆ, ಗೋಡೆ ಕರೆಂಟಲ್ಲೇ ಓಡೋದು" ಅಂದ ಅವನು.

ವೈರು ಚುಚ್ಚಿದ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇಲಿಬಾಲದಷ್ಟು ಮೂಡಿ ಬೆಳೆಯತೊಡಗಿತು. ಹೆರಿಗೆ ಕೋಣೆಯ ಮುಂದೆ ನಿಂತಂತೆ ನಿಂತೆವು. ನನ್ನ ಮೈದುನ ಮುದ್ದೆ ಕೋಲಿನ ತುದಿಯನ್ನು ಲ್ಯಾಪ್‌ಟಾಪಿಗೆ ಇಟ್ಟು ಕಿವಿ ಕೊಟ್ಟ. "ಏನ್ ಕೇಳಿಸ್ತದೆ ಅಣ್ಣಾ?" "ಸುಮ್ನಿರು, ಓದ್ಕೊಂತಾ ಇದೆ."

ಪಟ್ಟಿ ಅರ್ಧ ದಾಟಿತ್ತು. ಶೆಡ್ಡಿನ ಫ್ಯಾನು ಗರ್ರೆಂದು ನಿಧಾನವಾಯಿತು. ಬಲ್ಬು ಆರಿತು. ಕರೆಂಟು ಹೋಯಿತು!

"ಹೋಯ್ತು! ಎಲ್ಲಾ ಹೋಯ್ತು!" ಲ್ಯಾಪ್‌ಟಾಪಿನವನು ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕೂತ. ನಾನು ಪರದೆ ನೋಡಿದೆ. ಹಸಿರು ಪಟ್ಟಿ ಏನೂ ಆಗದಂತೆ ಮುಂದಕ್ಕೆ ಹೋಗುತ್ತಲೇ ಇತ್ತು.

ನನ್ನ ಮೈದುನ ಕೋಲಿನಿಂದ ಕಿವಿ ತೆಗೆಯದೆ, ಕಾಲಿನ ಹತ್ತಿರದ ಗೋಣಿಚೀಲವನ್ನು ಸರಿಸಿ ತೋರಿಸಿದ. ಕೆಳಗೆ ಎರಡು ಲಾರಿ ಬ್ಯಾಟರಿ, ಅವನೇ ಕೂಡಿಸಿದ ಒಂದು ಇನ್ವರ್ಟರು. ಲ್ಯಾಪ್‌ಟಾಪಿನವನು ಟೀ ಕುಡಿಯುವಾಗಲೇ ಲ್ಯಾಪ್‌ಟಾಪಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಅಲ್ಲಿಗೆ ಸಿಕ್ಕಿಸಿದ್ದ!

"ಮುಳಬಾಗಿಲು ಕರೆಂಟ್ ನಂಬ್ಕೊಂಡು ನಾನು ಶೆಡ್ ಇಟ್ಟಿಲ್ಲ ಕಣಯ್ಯಾ."

ಪಟ್ಟಿ ತುದಿ ಮುಟ್ಟಿ ಮುಗಿಯಿತು ಅಂತ ಬಂತು. ಬೆಂಗಳೂರಿನವನು ಎದ್ದು ನಿಂತು ನನ್ನ ಮೈದುನನಿಗೆ ಕೈಮುಗಿದ. ಇವನು ಕೈಮುಗಿಸಿಕೊಂಡ. ಸಂಕೋಚ ಎಂಬುದು ಅವನ ಗೇರ್‌ಬಾಕ್ಸಿನಲ್ಲೇ ಇಲ್ಲ.

ಉಳಿದದ್ದು ಕಲಿಸುವ ಕೆಲಸ. ಬೈರಕೂರಿನ ರಸ್ತೆಗೆ ಇಳಿದೆವು. ಇವನು ಸ್ಟೇರಿಂಗಿಗೆ, ಲ್ಯಾಪ್‌ಟಾಪಿನವನು ಹಿಂದೆ, ನಾನು ಅಭ್ಯಾಸ ಬಲದಿಂದ ಇವನ ಎಡಕ್ಕೆ. ಮೆಲ್ಲಗೆ ಹೊರಡಬೇಕು, ಒಂದೊಂದೇ ಗೇರು ಏರಬೇಕು, ಮೆಲ್ಲಗೆ ನಿಲ್ಲಬೇಕು, ಮತ್ತೆ ಹೊರಡಬೇಕು. ಹೊಸ ಹೋರಿಗೆ ನೊಗ ಕಲಿಸುವುದೂ ಹೀಗೆಯೇ. "ನೆಮ್ಮದಿಗಾ ತಲ್ಲೀ, ನೆಮ್ಮದಿಗಾ" ಅಂತ, ಅಂದರೆ ಮೆಲ್ಲಗೆ ತಾಯೀ ಅಂತ, ಇವನು ಜಪಾನಿನ ಗಾಡಿಯನ್ನು ತೆಲುಗಿನಲ್ಲಿ ರಮಿಸುತ್ತಿದ್ದ. ಮೊದಲ ಸಲ ಸಣ್ಣಗೆ ಒದೆಯಿತು. ಮೂರನೇ ಸಲ ಬರೀ ಭುಜ ಕುಣಿಸಿತು. ಎಂಟನೇ ಸಲಕ್ಕೆ ಗೇರು ಬದಲಾದದ್ದೇ ತಿಳಿಯಲಿಲ್ಲ. ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ!

"ಅತ್ತಿಗೇ, ನೀನ್ಯಾಕೆ ಒತ್ತುತಾ ಇದೀಯ?"

"ನಾನೆಲ್ಲೋ ಒತ್ತಿದೆ?"

ನೋಡಿದರೆ ನನ್ನ ಬಲಗಾಲು ಪ್ರತಿ ಗೇರಿಗೂ ಬರೀ ಮ್ಯಾಟನ್ನು ಒತ್ತುತ್ತಾ ಬಂದಿತ್ತು! ಹಿಂದೆ ಕೂತವನು ಕಿಸಕ್ಕನೆ ನಕ್ಕ. ಕಾರಿನ ನೆನಪು ಅಳಿಸುವುದಕ್ಕೆ ವೈರುಂಟು, ನನ್ನ ಕಾಲಿಗೆ ಎಲ್ಲಿಂದ ತರಲಿ?

ಹದಿನೈದು ದಿನಕ್ಕೆ ಕೋಲಾರದಲ್ಲಿ ಪರೀಕ್ಷೆ. ನಗುವ ಸಾಹೇಬರು ವರ್ಗವಾಗಿ, ನಗದ ಸಾಹೇಬರು ಬಂದಿದ್ದರು. ನಾನು ಮೈದಾನದ ಅಂಚಿನ ಹೊಂಗೆ ಮರದಡಿ ನಿಂತೆ. ಸಾಹೇಬರು ಗಾಡಿಯೊಳಗೆ ಬಗ್ಗಿ ನೋಡಿ, ಹುಬ್ಬು ಗಂಟಿಕ್ಕಿ ಕೇಳಿದರು.

"ಕ್ಲಚ್ ಎಲ್ಲಿ?"

"ಅಗೋ ಸಾರ್, ಮರದ ಕೆಳಗೆ ನಿಂತದೆ. ಸೀರೆ ಉಟ್ಕೊಂಡು."

ಆ ಸಾಹೇಬರೂ ನಕ್ಕುಬಿಟ್ಟರು. ಆಮೇಲೆ ಕೈಬೀಸಿದರು. ಗಾಡಿ ಹೊರಟಿತು. ಎಂಟರ ಆಕಾರದಲ್ಲಿ ನಿಲ್ಲಿಸಿದ್ದ ಕೋಲುಗಳ ನಡುವೆ, ಒಂದು ಕೋಲಿಗೂ ತಗುಲದೆ, ಒಂದು ಸಲವೂ ಒದೆಯದೆ ಸುತ್ತಿತು. ನಿಲ್ಲು ಅಂದಲ್ಲಿ ನಿಂತಿತು, ಹಿಂದಕ್ಕೆ ಅಂದರೆ ಹಿಂದಕ್ಕೆ ಬಂತು. ಪರೀಕ್ಷೆಗೆ ಬಂದಿದ್ದ ಎರಡು ಕಾಲಿನವರು ಕೋಲು ಬೀಳಿಸುತ್ತಿದ್ದರು, ಇವನು ಬೀಳಿಸಲಿಲ್ಲ! ಸಾಹೇಬರು ಬಾನೆಟ್ಟಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದರು. ನಾನು ಅಷ್ಟು ವರ್ಷ ಅವನ ಪಕ್ಕದಲ್ಲೇ ಕೂತವಳು, ಅವನು ಗಾಡಿ ಓಡಿಸುವುದನ್ನು ಹೊರಗಿನಿಂದ ನೋಡಿದ್ದು ಅವತ್ತೇ ಮೊದಲು. ಚೆನ್ನಾಗಿಯೇ ಓಡಿಸುತ್ತಾನೆ.

ಅಲ್ಲಿಂದ ನಾನು ಬಸ್ಸಿನಲ್ಲಿ ಬಂದೆ. ಅವನು ಒಬ್ಬನೇ ಬರಲಿ ಅಂತ. ಆಮೇಲೆ ಒಂದು ವಾರ ಅವನ ಸುದ್ದಿಯಿಲ್ಲ. ಹೋಳೂರಿನಲ್ಲಿ ಕಂಡನಂತೆ, ಮಾಲೂರಿನಲ್ಲಿ ಕಂಡನಂತೆ, ಒಬ್ಬನೇ, ಕಿಟಕಿಗೆ ಮೊಣಕೈ ಊರಿಕೊಂಡು. ನನಗೂ ಬಿಡುವಾಯಿತು. ಒಲೆ ಆರಿಸಿ ಓಡುವ ಕೆಲಸ ತಪ್ಪಿತು. ಸಾರು ಕುದಿಯುವವರೆಗೂ ಒಲೆಯ ಮುಂದೆಯೇ ಕೂತಿರುತ್ತಿದ್ದೆ.

ಎಂಟನೇ ದಿನ ಮನೆ ಮುಂದೆ ಹಾರ್ನು. ಎಮ್ಮೆ ಕಾರನ್ನು ಗುಜರಿಗೆ ಹಾಕಿ ಬಂದೆ ಅಂದ. "ಹತ್ತು ಅತ್ತಿಗೆ, ಶ್ರೀನಿವಾಸಪುರದಲ್ಲಿ ಲಾರಿ ಕೆಟ್ಟಿದೆ."

"ನಿಂಗೆ ನಾನ್ಯಾಕೋ ಈಗ? ಒಬ್ಬನೇ ಹೋಗು."

"ಹತ್ತು ಅಂದ್ರೆ."

ಬಾಗಿಲು ತೆಗೆದೆ. ಅವನ ಪಕ್ಕದ ಸೀಟಿನ ಮುಂದೆ, ಮ್ಯಾಟನ್ನು ಚೌಕವಾಗಿ ಕತ್ತರಿಸಿ, ಎಮ್ಮೆ ಕಾರಿನ ಕ್ಲಚ್ ಪೆಡಲನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದ. ನನ್ನ ಹಿಮ್ಮಡಿ ಉಜ್ಜಿ ಒಂದು ಕಡೆ ಸವೆದಿದ್ದ ಅದೇ ಪೆಡಲು. ಬಗ್ಗಿ ನೋಡಿದೆ. ಕೆಳಗೊಂದು ಸ್ಪ್ರಿಂಗು ಬಿಟ್ಟರೆ ಅದು ಯಾವುದಕ್ಕೂ ಸೇರಿರಲಿಲ್ಲ.

"ಇದ್ಯಾವ ಹುಚ್ಚೋ? ಇದನ್ನ ಒತ್ತಿದ್ರೆ ಏನಾಯ್ತದೆ?"

"ಏನೂ ಆಗಲ್ಲ."

ಮುಂದೆ ರಸ್ತೆಯನ್ನೇ ನೋಡುತ್ತಿದ್ದ. ಗಾಡಿ ಹೊರಡಲಿಲ್ಲ. ಇಂಜಿನ್ನು ಸಣ್ಣಗೆ ದನಿ ಮಾಡುತ್ತಿತ್ತು, ನನಗೆ ಗೊತ್ತಿರುವ ದನಿ. ಸೆರಗು ಸರಿಸಿಕೊಂಡು ಕೂತು, ಬಲಗಾಲು ಚಾಚಿದೆ.

"ಅತ್ತಿಗೇ, ಒತ್ತು" ಅಂದ.

ಒತ್ತಿದೆ.